ಕ್ಯಾಲಿಫೋರ್ನಿಯಾದಲ್ಲಿ ಪ್ರಿಸ್ಕೂಲ್ ಶಿಕ್ಷಕರಾಗಲು ಪರ್ಮಿಟ್ ಪಡೆಯುವ ಬಗೆ

ಊರಿನಲ್ಲಿ ಪದವಿ ಮುಗಿಸಿ, ಮದುವೆಯ ನಂತರವೋ ಸಂಗಾತಿಯ ಉದ್ಯೋಗದ ಕಾರಣಕ್ಕೋ ಕ್ಯಾಲಿಫೋರ್ನಿಯಾಕ್ಕೆ ಬಂದು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ತಾವೂ ಒಂದು ಕೆಲಸ ಹಿಡಿಯಬೇಕೆಂದು ಯೋಚಿಸುವ ಕನ್ನಡಿಗರಲ್ಲಿ ಅನೇಕರು ಪ್ರಿಸ್ಕೂಲಿನತ್ತ ನೋಡುತ್ತಾರೆ. ವಿಚಾರಿಸಲು ಹೋದೊಡನೆ ಎದುರಾಗುವ ಪ್ರಶ್ನೆ ‘ನಿಮ್ಮಲ್ಲಿ ಪರ್ಮಿಟ್ ಇದೆಯೇ?’ ಎಂಬುದು. ಚೈಲ್ಡ್ ಡೆವಲಪ್‌ಮೆಂಟ್ ಪರ್ಮಿಟ್ ಎಂಬ ಈ ಅನುಮತಿಪತ್ರವನ್ನು ಕೊಡುವುದು ಸ್ಯಾಕ್ರಮೆಂಟೊದಲ್ಲಿರುವ ಕಮಿಷನ್ ಆನ್ ಟೀಚರ್ ಕ್ರೆಡೆನ್ಷಿಯಲಿಂಗ್, ಅಂದರೆ ಶಿಕ್ಷಕರ ಅರ್ಹತೆಯನ್ನು ಪರಿಶೀಲಿಸುವ ರಾಜ್ಯ ಆಯೋಗ. ನಾನೂ ಇದೇ ದಾರಿಯಲ್ಲಿ ನಡೆದವಳು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ನಂತರ ಮಾಡಬೇಕು ಎಂಬುದು ತಿಳಿಯದೆ ಒಂದು ವರ್ಷಕ್ಕೂ ಹೆಚ್ಚು ಕಾಲವನ್ನು ಕಳೆದುಕೊಂಡೆ. ನಿಮಗೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಊರಿನಿಂದ ತಂದ ಪದವಿ ಪತ್ರ ಇಲ್ಲಿ ಕೆಲಸಕ್ಕೆ ಬಾರದು ಎಂದುಕೊಂಡು ಅದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟುಬಿಡಬೇಡಿ. ಮಕ್ಕಳ ಶಿಕ್ಷಣಕ್ಕೆ ಸಂಬಂಧವೇ ಇಲ್ಲದ ಪದವಿಯಾದರೂ ಸರಿ, ಅದು ಈ ಪರ್ಮಿಟ್ಟಿನ ಲೆಕ್ಕದಲ್ಲಿ ನಿಮ್ಮನ್ನು ಎರಡು ಮೆಟ್ಟಿಲು ಮೇಲಕ್ಕೆ ಏರಿಸಬಲ್ಲದು. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಯೋಜನೆಯೇ ಬೇರೆಯಾಗಿರುತ್ತಿತ್ತು.

ಹೆಜ್ಜೆ 1: ಪರ್ಮಿಟ್ ನಿಮಗೆ ನಿಜವಾಗಿ ಬೇಕೇ ಎಂದು ತಿಳಿಯಿರಿ

ಕ್ಯಾಲಿಫೋರ್ನಿಯಾದ ಶಿಶುಪಾಲನಾ ಕೇಂದ್ರಗಳು ಎರಡು ಬಗೆಯ ನಿಯಮಾವಳಿಗಳಿಗೆ ಒಳಪಟ್ಟಿವೆ. ಖಾಸಗಿ ಪ್ರಿಸ್ಕೂಲ್ ಮತ್ತು ಡೇಕೇರ್‌ಗಳು ಸಮಾಜ ಸೇವಾ ಇಲಾಖೆಯ ಪರವಾನಗಿಯಡಿ ‘ಟೈಟಲ್ 22’ ಎಂಬ ನಿಯಮಗಳನ್ನು ಪಾಲಿಸುತ್ತವೆ. ಇಲ್ಲಿ ಶಿಕ್ಷಕಿಯಾಗಲು ಆಯೋಗದ ಪರ್ಮಿಟ್ ಕಡ್ಡಾಯವಲ್ಲ. ಬಾಲ್ಯ ಶಿಕ್ಷಣದ 12 ಸೆಮಿಸ್ಟರ್ ಯೂನಿಟ್‌ಗಳ ಓದು ಮತ್ತು ಪರವಾನಗಿ ಇರುವ ಕೇಂದ್ರದಲ್ಲಿ 6 ತಿಂಗಳ ಅನುಭವ ಇದ್ದರೆ ಪೂರ್ಣ ಅರ್ಹತೆ ಬಂದಂತೆ. (ಯೂನಿಟ್ ಎಂದರೆ ಕಾಲೇಜಿನ ಓದನ್ನು ಅಳೆಯುವ ಮಾನ.) 6 ಯೂನಿಟ್ ಮುಗಿಸಿ ಉಳಿದದ್ದನ್ನು ಓದುತ್ತಿರುವವರನ್ನೂ ಶಿಕ್ಷಕರಾಗಿ ತೆಗೆದುಕೊಳ್ಳುತ್ತಾರೆ. ರಾಜ್ಯದ ಹಣದಿಂದ ನಡೆಯುವ ಸ್ಟೇಟ್ ಪ್ರಿಸ್ಕೂಲಿನಂಥ ಕಾರ್ಯಕ್ರಮಗಳು ಇದರ ಜೊತೆಗೆ ‘ಟೈಟಲ್ 5’ ನಿಯಮಗಳಿಗೂ ಒಳಪಡುತ್ತವೆ, ಮತ್ತು ಅಲ್ಲಿ ಶಿಕ್ಷಕರಿಗೆ ಪರ್ಮಿಟ್ ಇರಲೇಬೇಕು. ಮನೆಯಲ್ಲಿಯೇ ಡೇಕೇರ್ ನಡೆಸಬೇಕೆನ್ನುವವರಿಗೆ ಬೇಕಾದದ್ದು ಸಮಾಜ ಸೇವಾ ಇಲಾಖೆಯ ಬೇರೊಂದು ಪರವಾನಗಿ. ಅದಕ್ಕೂ ಈ ಪರ್ಮಿಟ್ಟಿಗೂ ಸಂಬಂಧವಿಲ್ಲ.

ಹಾಗಾದರೆ ಖಾಸಗಿ ಕೇಂದ್ರ ಸಾಕೆನ್ನುವವರು ಪರ್ಮಿಟ್ಟಿನ ಗೋಜಿಗೆ ಹೋಗುವುದೇಕೆ? ಒಂದು ವ್ಯತ್ಯಾಸವನ್ನು ಮಾತ್ರ ಹೇಳುತ್ತೇನೆ. ಟೈಟಲ್ 22ರ ಪ್ರಕಾರ ಪ್ರಿಸ್ಕೂಲ್ ವಯಸ್ಸಿನ 12 ಮಕ್ಕಳಿಗೆ ಒಬ್ಬ ಶಿಕ್ಷಕಿ ಇದ್ದರೆ ಸಾಕು. ಟೈಟಲ್ 5ರಲ್ಲಿ 8 ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕು, 24 ಮಕ್ಕಳಿಗೆ ಒಬ್ಬ ಶಿಕ್ಷಕಿ ಇರಬೇಕು. ಮೂರು ವರ್ಷದ ಮಗುವೊಂದು ಬೆಳಿಗ್ಗೆ ಅಮ್ಮನ ಸೆರಗು ಬಿಡದೆ ಅಳುತ್ತಿರುವಾಗ, ಅದರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಸಮಾಧಾನ ಮಾಡಲು ಬಿಡುವು ಸಿಗುತ್ತದೆಯೇ ಇಲ್ಲವೇ ಎಂಬುದು ಈ ಎರಡು ಅಂಕಿಗಳ ಮೇಲೆ ನಿಂತಿದೆ. ಎರಡೂ ಕಡೆ ದುಡಿದಿರುವ ನನಗೆ ಎಂಟರ ಲೆಕ್ಕವೇ ಮಕ್ಕಳಿಗೂ ಶಿಕ್ಷಕರಿಗೂ ನ್ಯಾಯವಾಗಿ ಕಂಡಿದೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಪರಿಹರಿಸಿಕೊಳ್ಳಿ. ಸಾರ್ವಜನಿಕ ಶಾಲೆಗಳಲ್ಲಿ ನಾಲ್ಕು ವರ್ಷದ ಮಕ್ಕಳಿಗಾಗಿ ಇರುವ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್ ತರಗತಿಗೆ ಮುಖ್ಯ ಶಿಕ್ಷಕಿಯಾಗಲು ಪೂರ್ಣ ಪ್ರಮಾಣದ ಟೀಚಿಂಗ್ ಕ್ರೆಡೆನ್ಷಿಯಲ್, ಅಂದರೆ ಶಾಲಾ ಶಿಕ್ಷಕರ ಅರ್ಹತಾಪತ್ರ, ಬೇಕು. ಚೈಲ್ಡ್ ಡೆವಲಪ್‌ಮೆಂಟ್ ಪರ್ಮಿಟ್ ಒಂದೇ ಸಾಲದು.

ಪರ್ಮಿಟ್ ಎಂದರೆ ಅಮೆರಿಕದಲ್ಲಿ ದುಡಿಯುವ ಹಕ್ಕು ಎಂದೂ ಅರ್ಥವಲ್ಲ. ಸಂಗಾತಿಯ ಉದ್ಯೋಗ ವೀಸಾದ ಆಧಾರದ ಮೇಲೆ ಎಚ್-4 ವೀಸಾದಲ್ಲಿರುವವರು ಕಾಲೇಜಿನಲ್ಲಿ ಓದಬಹುದು, ಆದರೆ ಇಎಡಿ, ಅಂದರೆ ಸರ್ಕಾರ ಕೊಡುವ ಉದ್ಯೋಗದ ಅನುಮತಿಪತ್ರ, ಕೈಗೆ ಬರುವ ತನಕ ಉದ್ಯೋಗ ಮಾಡುವಂತಿಲ್ಲ. ‘ಸಂಬಳ ತೆಗೆದುಕೊಳ್ಳದಿದ್ದರೆ ಅಡ್ಡಿಯಿಲ್ಲ, ಬಂದು ಮಕ್ಕಳನ್ನು ನೋಡಿಕೊಳ್ಳಿ’ ಎಂದು ಕರೆಯುವ ಕೇಂದ್ರಗಳಿವೆ. ಅಂಥ ಮಾತಿಗೆ ಒಪ್ಪುವ ಮುನ್ನ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿ. ಇಎಡಿಗಾಗಿ ಕಾಯುವ ತಿಂಗಳುಗಳನ್ನು ಓದಿಗೆ ಬಳಸಿಕೊಳ್ಳುವುದು ಜಾಣತನ.

ಹೆಜ್ಜೆ 2: ಯಾವ ಮೆಟ್ಟಿಲು ನಿಮ್ಮದೆಂದು ಗುರುತಿಸಿ

ಪರ್ಮಿಟ್ಟಿನಲ್ಲಿ ಆರು ಹಂತಗಳಿವೆ: ಅಸಿಸ್ಟೆಂಟ್, ಅಸೋಸಿಯೇಟ್ ಟೀಚರ್, ಟೀಚರ್, ಮಾಸ್ಟರ್ ಟೀಚರ್, ಸೈಟ್ ಸೂಪರ್‌ವೈಸರ್ ಮತ್ತು ಪ್ರೋಗ್ರಾಮ್ ಡೈರೆಕ್ಟರ್. ಕೆಳಗಿನಿಂದ ಒಂದೊಂದೇ ಏರಬೇಕೆಂಬ ನಿಯಮವಿಲ್ಲ. ಯಾವ ಹಂತದ ಅರ್ಹತೆ ನಿಮಗಿದೆಯೋ ಅದಕ್ಕೆ ನೇರವಾಗಿ ಅರ್ಜಿ ಹಾಕಬಹುದು.

ಅಸಿಸ್ಟೆಂಟ್ ಹಂತಕ್ಕೆ ಬಾಲ್ಯ ಶಿಕ್ಷಣದ 6 ಯೂನಿಟ್ ಸಾಕು, ಅನುಭವ ಬೇಡ. ಅಸೋಸಿಯೇಟ್ ಟೀಚರ್ ಆಗಲು 12 ಯೂನಿಟ್‌ಗಳು ಮತ್ತು ಎರಡು ವರ್ಷಗಳ ಅವಧಿಯೊಳಗೆ, ದಿನಕ್ಕೆ ಕನಿಷ್ಠ 3 ಗಂಟೆಯಂತೆ, 50 ದಿನಗಳ ಕೆಲಸ ಬೇಕು. ಟೀಚರ್ ಹಂತಕ್ಕೆ 24 ಯೂನಿಟ್‌ಗಳ ಜೊತೆಗೆ ಭಾಷೆ, ಗಣಿತ ಅಥವಾ ವಿಜ್ಞಾನ, ಸಮಾಜ ವಿಜ್ಞಾನ, ಕಲೆ ಅಥವಾ ಮಾನವಿಕಗಳನ್ನು ಒಳಗೊಂಡ ಸಾಮಾನ್ಯ ಶಿಕ್ಷಣದ 16 ಯೂನಿಟ್‌ಗಳು, ಹಾಗೂ ನಾಲ್ಕು ವರ್ಷಗಳೊಳಗೆ 175 ದಿನಗಳ ಕೆಲಸ ಬೇಕಾಗುತ್ತದೆ. ಮಾಸ್ಟರ್ ಟೀಚರ್‌ಗೆ ಇದರ ಮೇಲೆ ಯಾವುದಾದರೊಂದು ವಿಶೇಷ ವಿಷಯದ 6 ಯೂನಿಟ್, ವಯಸ್ಕರ ಮೇಲ್ವಿಚಾರಣೆ ಕುರಿತ 2 ಯೂನಿಟ್ ಮತ್ತು 350 ದಿನಗಳ ಕೆಲಸ ಕೂಡಿಕೊಳ್ಳುತ್ತವೆ. ಕೊನೆಯ ಎರಡು ಹಂತಗಳು, ಅಂದರೆ ಸೈಟ್ ಸೂಪರ್‌ವೈಸರ್ ಮತ್ತು ಪ್ರೋಗ್ರಾಮ್ ಡೈರೆಕ್ಟರ್, ಆಡಳಿತಕ್ಕೆ ಸಂಬಂಧಿಸಿದವು. ಹೊಸಬರು ಸದ್ಯಕ್ಕೆ ಅವುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಈಗ ನಾನು ಆರಂಭದಲ್ಲಿ ಹೇಳಿದ ವಿಷಯಕ್ಕೆ ಬರುತ್ತೇನೆ. ಈ ಹಂತಗಳಿಗೆ ಪರ್ಯಾಯ ಅರ್ಹತೆಗಳೂ ಇವೆ. ಯಾವುದೇ ವಿಷಯದಲ್ಲಿ ಬ್ಯಾಚುಲರ್ ಪದವಿ ಇದ್ದು, ಬಾಲ್ಯ ಶಿಕ್ಷಣದ 12 ಯೂನಿಟ್‌ಗಳನ್ನು ಓದಿ, ಅದರ ಜೊತೆಗೆ ತರಗತಿಯೊಳಗೆ ಮೇಲ್ವಿಚಾರಣೆಯಲ್ಲಿ ನಡೆಯುವ 3 ಯೂನಿಟ್‌ಗಳ ಪ್ರಾಯೋಗಿಕ ಕೋರ್ಸನ್ನು ಮುಗಿಸಿದವರು ಮಾಸ್ಟರ್ ಟೀಚರ್ ಪರ್ಮಿಟ್ಟಿಗೆ ಅರ್ಜಿ ಹಾಕಬಹುದು. ಅಂದರೆ ಬಿ.ಇ. ಓದಿದವರಿಗೂ ಎಂ.ಎಸ್ಸಿ. ಓದಿದವರಿಗೂ 350 ದಿನಗಳ ಲೆಕ್ಕವಿಲ್ಲದೆ, ಒಟ್ಟು 15 ಯೂನಿಟ್‌ಗಳಲ್ಲಿ ಆ ಹಂತ ಸಿಗುವ ಸಾಧ್ಯತೆ ಇದೆ. ಇದು ತಿಳಿಯದೆ ನಾನು ಅಸಿಸ್ಟೆಂಟ್ ಹಂತದಿಂದ ಹೊರಟಿದ್ದೆ.

ಆದರೂ ಕಾಗದದ ಮೇಲಿನ ಅರ್ಹತೆಯೇ ಬೇರೆ, ಮಕ್ಕಳ ನಡುವೆ ನಿಲ್ಲುವ ಅಭ್ಯಾಸವೇ ಬೇರೆ. ನೇರವಾಗಿ ಮಾಸ್ಟರ್ ಟೀಚರ್ ಪರ್ಮಿಟ್ ಪಡೆಯುವವರು, ಕೆಲಸದ ಅನುಮತಿ ಇದ್ದಲ್ಲಿ, ಓದುವ ಕಾಲದಲ್ಲಿಯೇ ಕೆಲವು ತಿಂಗಳು ಸಹಾಯಕರಾಗಿ ದುಡಿಯುವುದು ಒಳ್ಳೆಯದು ಎಂದು ನಾನು ದೃಢವಾಗಿ ನಂಬುತ್ತೇನೆ. ಕೆಲಸ ಕೊಡುವವರೂ ಅದನ್ನೇ ಮೊದಲು ಕೇಳುತ್ತಾರೆ.

ಹೆಜ್ಜೆ 3: ಪದವಿಯ ಮೌಲ್ಯಮಾಪನ ಮಾಡಿಸಿ

ಭಾರತದ ಅಂಕಪಟ್ಟಿಗಳನ್ನು ಆಯೋಗ ನೇರವಾಗಿ ಓದುವುದಿಲ್ಲ. ಆಯೋಗವು ಮಾನ್ಯ ಮಾಡಿದ ಸಂಸ್ಥೆಗಳಲ್ಲಿ ಒಂದರಿಂದ ಮೌಲ್ಯಮಾಪನದ ವರದಿ ಬರಬೇಕು. ಪಟ್ಟಿ ಆಯೋಗದ ತಾಣದಲ್ಲಿದೆ. ಪಟ್ಟಿಯಲ್ಲಿಲ್ಲದ ಸಂಸ್ಥೆಯಿಂದ, ಉದಾಹರಣೆಗೆ ಹಿಂದೆ ವೀಸಾಕ್ಕಾಗಿಯೋ ಬೇರೆ ಉದ್ಯೋಗಕ್ಕಾಗಿಯೋ ಮಾಡಿಸಿದ ವರದಿ ನಡೆಯುವುದಿಲ್ಲ. ಪ್ರತಿಯೊಂದು ವಿಷಯಕ್ಕೂ ಎಷ್ಟು ಯೂನಿಟ್, ಯಾವ ಗ್ರೇಡ್ ಎಂದು ಬಿಡಿಸಿ ಹೇಳುವ ವಿವರವಾದ ವರದಿಯನ್ನೇ ಕೇಳಿ. ಪದವಿ ಇದೆ ಎಂದಷ್ಟೇ ಹೇಳುವ ಚಿಕ್ಕ ವರದಿಯಿಂದ ಸಾಮಾನ್ಯ ಶಿಕ್ಷಣದ ಯೂನಿಟ್‌ಗಳನ್ನು ಎಣಿಸಲು ಬರುವುದಿಲ್ಲ.

ನಾಲ್ಕು ವರ್ಷದ ಬಿ.ಇ. ಪದವಿ ಸಾಮಾನ್ಯವಾಗಿ ಅಮೆರಿಕದ ಬ್ಯಾಚುಲರ್ ಪದವಿಗೆ ಸಮವೆಂದು ಬರುತ್ತದೆ. ಮೂರು ವರ್ಷದ ಬಿ.ಎ., ಬಿ.ಎಸ್ಸಿ., ಬಿ.ಕಾಂ. ವಿಷಯದಲ್ಲಿ ಸಂಸ್ಥೆಯಿಂದ ಸಂಸ್ಥೆಗೆ ಅಭಿಪ್ರಾಯ ಬೇರೆಯಾಗುತ್ತದೆ; ಹಣ ಕಟ್ಟುವ ಮೊದಲು ಫೋನ್ ಮಾಡಿ ಅವರ ನೀತಿಯನ್ನು ಕೇಳಿಕೊಳ್ಳಿ. ಮೂರು ವರ್ಷದ ಪದವಿಯ ಮೇಲೆ ಸ್ನಾತಕೋತ್ತರ ಪದವಿಯೂ ಇದ್ದರೆ ಎರಡರ ಕಾಗದಗಳನ್ನೂ ಒಟ್ಟಿಗೆ ಕೊಡಿ. ಊರಿನಲ್ಲಿ ಮಾಡಿದ ಎನ್‌ಟಿಟಿ (ನರ್ಸರಿ ಶಿಕ್ಷಕರ ತರಬೇತಿ) ಅಥವಾ ಮಾಂಟೆಸ್ಸರಿ ಡಿಪ್ಲೊಮಾವನ್ನು ನಂಬಿಕೊಂಡು ಯೋಜನೆ ಹಾಕಬೇಡಿ. ಅವು ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ, ಆದರೆ ವಿಶ್ವವಿದ್ಯಾಲಯದ ಯೂನಿಟ್‌ಗಳಲ್ಲದ ಕಾರಣ ಲೆಕ್ಕಕ್ಕೆ ಸಿಗುವುದು ಕಷ್ಟ.

ಕನ್ನಡಿಗರಿಗೆ ವಿಶೇಷವಾಗಿ ಕಾಡುವುದು ಹೆಸರಿನ ಸಮಸ್ಯೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್‌ಗಳು, ಪದವಿ ಪತ್ರದಲ್ಲಿ ಒಂದೇ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಬಿಡಿಸಿ ಬರೆದದ್ದು, ಮದುವೆಯ ನಂತರ ಇಲ್ಲಿನ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಗಂಡನ ಹೆಸರು. ನಮಗೆ ಇವೆಲ್ಲ ಒಬ್ಬರೇ ಎಂದು ಹೇಳದೆಯೇ ತಿಳಿಯುತ್ತದೆ, ಆದರೆ ಕಡತ ನೋಡುವ ಅಧಿಕಾರಿಗೆ ಇವು ಮೂರು ನಾಲ್ಕು ಬೇರೆ ಬೇರೆ ವ್ಯಕ್ತಿಗಳು. ಆದುದರಿಂದ ಅರ್ಜಿಯಲ್ಲಿ ಹಿಂದಿನ ಹೆಸರುಗಳನ್ನು ಕೇಳುವ ಕಡೆ ಪ್ರತಿಯೊಂದು ರೂಪವನ್ನೂ ಬರೆಯಿರಿ. ಮದುವೆಯ ಪ್ರಮಾಣಪತ್ರದ ಪ್ರತಿಯನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ವಿಶ್ವವಿದ್ಯಾಲಯದಿಂದ ಮೊಹರು ಮಾಡಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ವಿಷಯ ಮತ್ತು ಅಂಕಗಳ ಅಧಿಕೃತ ದಾಖಲೆ, ತರಿಸಲು ವಾರಗಳೇ ಹಿಡಿಯುವುದರಿಂದ, ಊರಿಗೆ ಹೋದಾಗ ಈ ಕೆಲಸವನ್ನು ಮೊದಲ ವಾರವೇ ಆರಂಭಿಸಿ.

ಹೆಜ್ಜೆ 4: ಕಮ್ಯುನಿಟಿ ಕಾಲೇಜಿಗೆ ಸೇರಿ

ಯೂನಿಟ್‌ಗಳನ್ನು ಗಳಿಸಲು ಕಮ್ಯುನಿಟಿ ಕಾಲೇಜಿಗಿಂತ, ಅಂದರೆ ಸ್ಥಳೀಯ ಸಾರ್ವಜನಿಕ ಕಾಲೇಜಿಗಿಂತ, ಒಳ್ಳೆಯ ಜಾಗವಿಲ್ಲ. ರಾಜ್ಯದ ನಿವಾಸಿಗಳೆಂದು ಪರಿಗಣಿತರಾದವರಿಗೆ ಯೂನಿಟ್ಟಿಗೆ 46 ಡಾಲರ್ ಶುಲ್ಕ. 12 ಯೂನಿಟ್‌ಗಳಿಗೆ 552 ಡಾಲರ್, 24 ಯೂನಿಟ್‌ಗಳಿಗೆ 1,104 ಡಾಲರ್. ನಿವಾಸಿಗಳಲ್ಲದವರಿಗೆ ಇದರ ಹಲವು ಪಟ್ಟು ಆಗುತ್ತದೆ. ಎಚ್-4 ವೀಸಾದವರೂ ನಿವಾಸಿ ಶುಲ್ಕಕ್ಕೆ ಅರ್ಹರಾಗಬಹುದಾದ್ದರಿಂದ, ಬಂದ ಮೊದಲ ದಿನದಿಂದ ಬಾಡಿಗೆ ಕರಾರು, ಬ್ಯಾಂಕ್ ಪತ್ರ, ಚಾಲನಾ ಪರವಾನಗಿ ಮುಂತಾದ ದಾಖಲೆಗಳನ್ನು ಜೋಪಾನವಾಗಿಡಿ. ಕಾಲೇಜಿನ ಪ್ರವೇಶ ಕಚೇರಿಯಲ್ಲಿ ಈ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳಿ.

ಅಸೋಸಿಯೇಟ್ ಟೀಚರ್ ಮತ್ತು ಅದರ ಮೇಲಿನ ಹಂತಗಳಿಗೆ ಮೂರು ಮೂಲ ವಿಷಯಗಳು ಇರಲೇಬೇಕು: ಮಗುವಿನ ಬೆಳವಣಿಗೆ ಮತ್ತು ವಿಕಾಸ; ಮಗು, ಕುಟುಂಬ ಮತ್ತು ಸಮುದಾಯ; ಪಠ್ಯಕ್ರಮ ಅಥವಾ ಕಾರ್ಯಕ್ರಮ ಯೋಜನೆ. ರಾಜ್ಯದ ಕಮ್ಯುನಿಟಿ ಕಾಲೇಜುಗಳು ಎಂಟು ಕೋರ್ಸ್‌ಗಳನ್ನು ಪರಸ್ಪರ ಹೊಂದುವಂತೆ ರೂಪಿಸಿಕೊಂಡಿವೆ. ಈ ಮೂರರ ಜೊತೆ ಬೋಧನೆಯ ತತ್ತ್ವಗಳು, ವೀಕ್ಷಣೆ ಮತ್ತು ಮೌಲ್ಯಮಾಪನ, ಆರೋಗ್ಯ-ಸುರಕ್ಷತೆ-ಪೋಷಣೆ, ವೈವಿಧ್ಯಮಯ ಸಮಾಜದಲ್ಲಿ ಬೋಧನೆ ಮತ್ತು ಪ್ರಾಯೋಗಿಕ ತರಬೇತಿ ಸೇರಿ, ತಲಾ 3 ಯೂನಿಟ್‌ನಂತೆ, ಒಟ್ಟು 24 ಆಗುತ್ತವೆ. ಊರು ಬದಲಿಸಬೇಕಾಗಿ ಬಂದರೂ ಓದಿದ್ದು ವ್ಯರ್ಥವಾಗದು. ಪ್ರತಿಯೊಂದರಲ್ಲೂ ಸಿ ಗ್ರೇಡ್ ಅಥವಾ ಅದಕ್ಕಿಂತ ಮೇಲೆ ಬರಬೇಕು.

ಬೇ ಏರಿಯಾದವರು ಒಂದು ಲೆಕ್ಕವನ್ನು ಮರೆಯಬಾರದು. ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳಲ್ಲಿ ವರ್ಷವನ್ನು ಕ್ವಾರ್ಟರ್‌ಗಳಾಗಿ ಹಂಚಲಾಗಿದೆ. ಒಂದು ಕ್ವಾರ್ಟರ್ ಯೂನಿಟ್ ಎಂದರೆ ಸೆಮಿಸ್ಟರ್ ಯೂನಿಟ್ಟಿನ ಮೂರರಲ್ಲಿ ಎರಡು ಭಾಗ. ಹಾಗಾಗಿ 12 ಸೆಮಿಸ್ಟರ್ ಯೂನಿಟ್‌ಗೆ 18 ಕ್ವಾರ್ಟರ್ ಯೂನಿಟ್ ಬೇಕು, 24ಕ್ಕೆ 36 ಬೇಕು. ಟ್ರಾನ್ಸ್‌ಕ್ರಿಪ್ಟಿನಲ್ಲಿ 12 ಎಂಬ ಅಂಕಿ ಕಂಡೊಡನೆ ಅರ್ಜಿ ಕಳಿಸಿ, ಹಿಂದಿರುಗಿ ಬಂದ ಮೇಲೆ ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ.

ಹೆಜ್ಜೆ 5: ದುಡಿದ ದಿನಗಳನ್ನು ದಾಖಲಿಸಿ

ಅನುಭವವನ್ನು ಆಯೋಗ ಎಣಿಸುವುದು ದಿನಗಳಲ್ಲಿ. ದಿನಕ್ಕೆ 3 ಗಂಟೆ ದುಡಿದರೂ ಒಂದು ದಿನ, 8 ಗಂಟೆ ದುಡಿದರೂ ಒಂದೇ ದಿನ. ವಾರಕ್ಕೆ ಐದು ದಿನವಾದರೆ 50 ದಿನ ಹತ್ತು ವಾರಗಳಲ್ಲಿ, 175 ದಿನ 35 ವಾರಗಳಲ್ಲಿ ಮುಗಿಯುತ್ತದೆ. ಕೆಲಸ ಮಕ್ಕಳ ಕಲಿಕೆಗೆ ಸಂಬಂಧಿಸಿದ್ದಾಗಿರಬೇಕು. ಅಡುಗೆಮನೆಯ ಅಥವಾ ಕಚೇರಿಯ ಕೆಲಸ ಇದಕ್ಕೆ ಸೇರದು.

ನಾನು ಎಡವಿದ್ದು ಇಲ್ಲಿಯೇ. ನಾನು ಮೊದಲು ದುಡಿದ ಕೇಂದ್ರದಿಂದ ಪಡೆದ ಪತ್ರದಲ್ಲಿ ‘ಸುಮಾರು ಒಂದು ವರ್ಷ ನಮ್ಮಲ್ಲಿ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ, ಮಕ್ಕಳಿಗೆ ಅಚ್ಚುಮೆಚ್ಚು’ ಎಂದಿತ್ತು. ಓದಿ ನನಗೆ ಸಂತೋಷವಾಗಿತ್ತು. ಆದರೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ, ಯಾವ ವಯಸ್ಸಿನ ಮಕ್ಕಳು ಎಂಬ ಒಂದು ಅಂಕಿಯೂ ಅದರಲ್ಲಿ ಇರಲಿಲ್ಲ. ಆ ಪತ್ರ ಸಾಲದೆಂದು ಉತ್ತರ ಬಂತು. ಅಷ್ಟರಲ್ಲಿ ಅಲ್ಲಿನ ನಿರ್ದೇಶಕಿ ಬದಲಾಗಿದ್ದರು, ಹೊಸಬರಿಗೆ ನನ್ನ ಪರಿಚಯವಿರಲಿಲ್ಲ. ಎರಡು ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಸಂಬಳದ ಚೀಟಿಗಳನ್ನು ಹರಡಿಕೊಂಡು, ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು, ದುಡಿದ ಒಂದೊಂದು ದಿನಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿ ಎಣಿಸಿದೆ. ಆ ಹಾಳೆಗಳನ್ನು ಕೊಟ್ಟ ಮೇಲೆ ಅವರು ತಮ್ಮ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿ ಹೊಸ ಪತ್ರ ಕೊಟ್ಟರು.

ಆದುದರಿಂದ ಪತ್ರ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿರಲಿ. ಆರಂಭದ ಮತ್ತು ಕೊನೆಯ ದಿನಾಂಕ, ಒಟ್ಟು ದಿನಗಳು, ದಿನದ ಗಂಟೆಗಳು, ನಿಮ್ಮ ಹುದ್ದೆ, ಮಕ್ಕಳ ವಯಸ್ಸು, ಸಹಿ ಮಾಡಿದವರ ಹುದ್ದೆ ಎಲ್ಲವೂ ಅದರಲ್ಲಿರಲಿ. ಕೆಲಸ ಬಿಡುವ ವಾರವೇ ಅದನ್ನು ಪಡೆದುಕೊಳ್ಳಿ.

ಹೆಜ್ಜೆ 6: ಬೆರಳಚ್ಚು ಮತ್ತು ಅರ್ಜಿ

ಬೆರಳಚ್ಚು ಕೊಡಲು ಆಯೋಗದ 41-ಎಲ್‌ಎಸ್ ಎಂಬ ನಮೂನೆಯ ಮೂರು ಪ್ರತಿಗಳನ್ನು ತುಂಬಿಕೊಂಡು, ಯಂತ್ರದಲ್ಲಿ ಬೆರಳಚ್ಚು ತೆಗೆಯುವ ಲೈವ್ ಸ್ಕ್ಯಾನ್ ಕೇಂದ್ರಕ್ಕೆ ಹೋಗಬೇಕು. ಒಂದು ಪ್ರತಿ ಅವರ ಬಳಿ ಉಳಿಯುತ್ತದೆ, ಒಂದು ಅರ್ಜಿಯೊಂದಿಗೆ ಹೋಗುತ್ತದೆ, ಒಂದು ನಿಮ್ಮದು. ರಾಜ್ಯದ ನ್ಯಾಯ ಇಲಾಖೆಯೂ ಎಫ್‌ಬಿಐ ಕೂಡ ಹಿನ್ನೆಲೆಯನ್ನು ಪರಿಶೀಲಿಸುತ್ತವೆ. ಪಾತ್ರೆ ತೊಳೆದು, ಡೇಕೇರಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಕೈ ತೊಳೆದು ಸವೆದ ಬೆರಳುಗಳನ್ನು ಯಂತ್ರ ಒಮ್ಮೊಮ್ಮೆ ಓದುವುದಿಲ್ಲ; ಹಿಂದಿನ ಕೆಲವು ದಿನ ರಾತ್ರಿ ಕೈಗೆ ಎಣ್ಣೆಯನ್ನೋ ಲೋಷನ್ನನ್ನೋ ಹಚ್ಚಿಕೊಂಡರೆ ಅನುಕೂಲ. ಕೆಲಸ ಕೊಡುವ ಕೇಂದ್ರದವರು ಸಮಾಜ ಸೇವಾ ಇಲಾಖೆಗಾಗಿ ಇನ್ನೊಮ್ಮೆ ಬೆರಳಚ್ಚು ಕೊಡಿ ಎಂದಾಗ ಗಾಬರಿಯಾಗಬೇಡಿ. ಒಂದು ಸಂಸ್ಥೆಗೆ ಹೋದ ಫಲಿತಾಂಶವನ್ನು ಇನ್ನೊಂದು ಸಂಸ್ಥೆ ಬಳಸುವುದಿಲ್ಲ.

ಅರ್ಜಿಯ ನಮೂನೆ 41-4. ಅದರೊಂದಿಗೆ ಅಧಿಕೃತ ಟ್ರಾನ್ಸ್‌ಕ್ರಿಪ್ಟ್‌ಗಳು, ಮೌಲ್ಯಮಾಪನದ ವರದಿ, ಅನುಭವ ಪತ್ರ, ಲೈವ್ ಸ್ಕ್ಯಾನ್ ಪ್ರತಿ ಮತ್ತು ಶುಲ್ಕ ಹೋಗಬೇಕು. ಕೊನೆಯ ಕೋರ್ಸಿನ ಗ್ರೇಡ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಮೂಡಿದ ಮೇಲೆಯೇ ಅದನ್ನು ತರಿಸಿ. ಹಿಂದಿನ ಶಿಸ್ತು ಕ್ರಮ, ಮೊಕದ್ದಮೆಗಳ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಏನನ್ನೂ ಮುಚ್ಚಿಡದೆ ಉತ್ತರಿಸಿ, ಏಕೆಂದರೆ ಮುಚ್ಚಿಟ್ಟದ್ದು ತಿಳಿದುಬಂದರೆ ಆ ಕಾರಣಕ್ಕೇ ಅರ್ಜಿ ತಿರಸ್ಕೃತವಾಗಬಹುದು.

ಶುಲ್ಕ ಕಟ್ಟುವ ಮುನ್ನ ಚೈಲ್ಡ್ ಡೆವಲಪ್‌ಮೆಂಟ್ ಟ್ರೈನಿಂಗ್ ಕನ್ಸಾರ್ಷಿಯಮ್ ಎಂಬ ಸಂಸ್ಥೆಯ ತಾಣವನ್ನು ನೋಡಿ. ಯೊಸೆಮಿಟಿ ಕಮ್ಯುನಿಟಿ ಕಾಲೇಜು ಜಿಲ್ಲೆಯಡಿ ನಡೆಯುವ ಈ ಸಂಸ್ಥೆ, ಅನುದಾನ ಇರುವವರೆಗೆ, ಅರ್ಹ ಅರ್ಜಿದಾರರ ಪರವಾಗಿ ಪರ್ಮಿಟ್ ಶುಲ್ಕವನ್ನು ತಾನೇ ಕಟ್ಟುತ್ತದೆ. ಆಗ ಅರ್ಜಿಯನ್ನು ಆಯೋಗಕ್ಕಲ್ಲ, ಮೊದಲು ಅವರಿಗೇ ಕಳಿಸಬೇಕು. ಹಂತಗಳ ಅರ್ಹತಾ ಪಟ್ಟಿಯೂ ಶುಲ್ಕವೂ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ, ಲಕೋಟೆ ಮುಚ್ಚುವ ದಿನ ಆಯೋಗದ ತಾಣದಲ್ಲಿ ಇನ್ನೊಮ್ಮೆ ಕಣ್ಣಾಡಿಸಿ.

ಹೆಜ್ಜೆ 7: ಕಾಯುವಾಗ ಮತ್ತು ಪರ್ಮಿಟ್ ಬಂದ ಮೇಲೆ

ಕಾಯುವ ದಿನಗಳಲ್ಲಿ ಕೆಲಸಕ್ಕೆ ಬೇಕಾದ ಉಳಿದ ಕಾಗದಗಳನ್ನು ಸಿದ್ಧಮಾಡಿಕೊಳ್ಳಿ: ಕ್ಷಯರೋಗದ ತಪಾಸಣೆ, ದಡಾರ ಮತ್ತು ನಾಯಿಕೆಮ್ಮಿನ ಲಸಿಕೆಯ ದಾಖಲೆ, ಫ್ಲೂ ಲಸಿಕೆ, ಮಕ್ಕಳ ಪ್ರಥಮ ಚಿಕಿತ್ಸೆ ಹಾಗೂ ಸಿಪಿಆರ್ ತರಬೇತಿ, ಮಕ್ಕಳ ಮೇಲಿನ ದೌರ್ಜನ್ಯದ ಶಂಕೆಯನ್ನು ವರದಿ ಮಾಡುವ ಕರ್ತವ್ಯದ ಬಗ್ಗೆ ಕಡ್ಡಾಯ ತರಬೇತಿ. ಭಾರತದಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸುವುದುಂಟು. ವೈದ್ಯರಿಗೆ ಬಿಸಿಜಿ ವಿಷಯ ತಿಳಿಸಿ ರಕ್ತ ಪರೀಕ್ಷೆಯನ್ನು ಕೇಳಿ.

ಪರ್ಮಿಟ್ಟಿನ ಅವಧಿ 5 ವರ್ಷ. ಟೀಚರ್ ಮತ್ತು ಅದರ ಮೇಲಿನ ಹಂತದವರು ಆ ಅವಧಿಯಲ್ಲಿ ವೃತ್ತಿ ಬೆಳವಣಿಗೆಯ 105 ಗಂಟೆಗಳನ್ನು, ಒಬ್ಬ ಸಲಹೆಗಾರರ ಮಾರ್ಗದರ್ಶನದಲ್ಲಿ ಪೂರೈಸಿದರೆ ನವೀಕರಣವಾಗುತ್ತದೆ. ಅಸೋಸಿಯೇಟ್ ಟೀಚರ್ ಪರ್ಮಿಟ್ ಹಿಂದೆ ಹಾಗಿರಲಿಲ್ಲ. ಟೀಚರ್ ಹಂತದತ್ತ ಇನ್ನೂ 15 ಯೂನಿಟ್ ಓದಿದರೆ ಮಾತ್ರ ಅದು ನವೀಕರಣವಾಗುತ್ತಿತ್ತು, ಅದೂ ಒಂದೇ ಸಲ; ಈಗಿನ ನಿಯಮವನ್ನು ಆಯೋಗದ ತಾಣದಲ್ಲಿ ನೋಡಿಕೊಳ್ಳಿ. ಕೆಲಸ ಸಿಕ್ಕಿತೆಂದು ಓದನ್ನು ಅಲ್ಲಿಗೇ ನಿಲ್ಲಿಸಿದವರು ಐದನೆಯ ವರ್ಷದಲ್ಲಿ ಕಾಲೇಜಿಗೆ ಓಡುವುದನ್ನು ಕಂಡಿದ್ದೇನೆ. ಅಸೋಸಿಯೇಟ್ ಪರ್ಮಿಟ್ ಪಡೆದವರು ಮುಂದಿನ ಸೆಮಿಸ್ಟರ್‌ನಿಂದಲೇ ಒಂದೊಂದು ಕೋರ್ಸ್ ತೆಗೆದುಕೊಂಡರೆ, ವರ್ಷಕ್ಕೆ ಎರಡರಂತೆ, ಮೂರನೆಯ ವರ್ಷ ಮುಗಿಯುವ ಮೊದಲೇ ಆ 15 ಯೂನಿಟ್‌ಗಳು ಪೂರ್ಣವಾಗುತ್ತವೆ.